ಅಡಿಕೆ ಒಳ್ಳೇದಾ ಕೆಟ್ಟದಾ ಅಂತ ಕೇಳೋ ಮೊದಲು, ಯಾವ ರಿಸೆಪ್ಟರ್ ಅಂತ ಕೇಳಿ

ಮಂಗಳೂರಲ್ಲಿ ಅಡಿಕೆ ವಿಷಯ ತೆಗೆದ್ರೆ ಸಾಕು, ಬೈಕಂಪಾಡಿ ಎಪಿಎಂಸಿ ಇರಲಿ ಮದುವೆ ಊಟದ ಪಂಕ್ತಿ ಇರಲಿ, ಎರಡು ನಿಮಿಷದಲ್ಲಿ ಎರಡು ಪಾರ್ಟಿ ಆಗ್ತದೆ. ಒಂದು ಪಾರ್ಟಿ "ನಮ್ಮ ಅಜ್ಜ ಸಾಯುವವರೆಗೆ ಎಲೆ ಅಡಿಕೆ ತಿಂದದ್ದು, ಎಂತ ಆಗಿದೆ ಅವರಿಗೆ, ಅದು ಔಷಧಿ ಮಾರಾಯ್ರೆ" ಅಂತ. ಇನ್ನೊಂದು ಪಾರ್ಟಿ "ಕ್ಯಾನ್ಸರ್ ಅಂತ ಡಬ್ಲ್ಯುಎಚ್‌ಒದವರೇ ಹೇಳಿಯಾಗಿದೆ, ಇನ್ನೆಂತ ಚರ್ಚೆ" ಅಂತ. ಕ್ಯಾಂಪ್ಕೋ ರೇಟ್ ಎಷ್ಟಾಯ್ತು ಅಂತ ದಿನಾ ಬೆಳಿಗ್ಗೆ ಫೋನ್ ನೋಡುವ ಊರಿನಲ್ಲಿ ಈ ಜಗಳ ಬರೀ ಆರೋಗ್ಯದ್ದಲ್ಲ, ಹೊಟ್ಟೆಪಾಡಿನದ್ದೂ ಹೌದು, ಹಾಗಾಗಿ ಯಾರೂ ಬಿಟ್ಟುಕೊಡುವುದಿಲ್ಲ.

ಇದರ ನಡುವೆ 2024ರ ಸೆಪ್ಟೆಂಬರ್ 26ಕ್ಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಗೆ ಕೋಬೆನ್ಫಿ ಅಂತ ಒಂದು ಹೊಸ ಔಷಧಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿರುವ ಮುಖ್ಯ ಅಂಶ ಜಾನೋಮೆಲಿನ್, ಮತ್ತು ಆ ಜಾನೋಮೆಲಿನ್‌ನ ಮೂಲ ಹುಡುಕ್ತಾ ಹೋದ್ರೆ ಸಿಗುವುದು ಅರೆಕೋಲಿನ್, ಅಂದ್ರೆ ನಮ್ಮ ತೋಟದ ಅಡಿಕೆಯೊಳಗೆ ಇರುವ ಅದೇ ಅರೆಕೋಲಿನ್! ಈಗ ಮೊದಲನೇ ಪಾರ್ಟಿಯವರು "ನೋಡಿ ನಾವು ಹೇಳಿರ್ಲಿಲ್ವಾ" ಅಂತ ಎದ್ದು ನಿಲ್ಲಬಹುದು, ಆದ್ರೆ ಸ್ವಲ್ಪ ಕೂತುಕೊಳ್ಳಿ. ನನ್ನ ಪ್ರಕಾರ ಈ ಔಷಧಿಯ ಕಥೆ ಎರಡೂ ಪಾರ್ಟಿಯ ಪ್ರಶ್ನೆಯೇ ಸರಿ ಇಲ್ಲ ಅಂತ ತೋರಿಸ್ತದೆ. ಒಂದು ರಾಸಾಯನಿಕ ನರಕೋಶದ ಹತ್ರ ಬಂದಾಗ ಎಂತ ಆಗ್ತದೆ ಅನ್ನುವುದು ಆ ರಾಸಾಯನಿಕವನ್ನು ನೋಡಿದ್ರೆ ಗೊತ್ತಾಗುವುದಿಲ್ಲ, ಅದನ್ನು ಹಿಡಿಯುವ ರಿಸೆಪ್ಟರ್, ಅಂದ್ರೆ ಕೋಶದ ಮೇಲಿನ ಗ್ರಾಹಕ ಪ್ರೋಟೀನ್, ಯಾವುದು, ಅದು ಯಾವ ಕೋಶದ ಮೇಲೆ ಕೂತಿದೆ ಅನ್ನುವುದರ ಮೇಲೆ ಉಂಟು ಎಲ್ಲ.

ಅಡಿಕೆ ಸೊಕ್ಕುವುದು ಎಲ್ಲರಿಗೂ ಗೊತ್ತು. ಅಭ್ಯಾಸ ಇಲ್ಲದವರು ಒಂದು ಹೋಳು ಜಗಿದ್ರೆ ಮುಖ ಬಿಸಿ ಆಗ್ತದೆ, ಬೆವರು, ಬಾಯಿ ತುಂಬ ನೀರು, ಎದೆ ಡವಡವ, ಕೆಲವರಿಗೆ ತಲೆ ತಿರುಗಿ ಕೂತಲ್ಲೇ ಒರಗುವ ಹಾಗೆ. ಇದಕ್ಕೆ ಮುಖ್ಯ ಕಾರಣ ಅರೆಕೋಲಿನ್. ಅದು ನಮ್ಮ ದೇಹವೇ ತಯಾರಿಸುವ ಅಸಿಟೈಲ್‌ಕೋಲಿನ್ ಅನ್ನುವ ನರಸಂದೇಶಕದ ಹಾಗೆ ವೇಷ ಹಾಕಿಕೊಂಡು ಅದರ ರಿಸೆಪ್ಟರ್‌ಗಳ ಮೇಲೆ ಹೋಗಿ ಕೂರ್ತದೆ. ಎಲೆಗೆ ಸುಣ್ಣ ಹಚ್ಚುವುದು ರುಚಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ, ಸುಣ್ಣ ಬಾಯಿಯನ್ನು ಕ್ಷಾರೀಯ ಮಾಡ್ತದೆ, ಆಗ ಅರೆಕೋಲಿನ್ ಬಾಯಿಯ ಒಳಚರ್ಮ ದಾಟಿ ರಕ್ತಕ್ಕೆ ಸೇರುವುದು ಸುಲಭ ಆಗ್ತದೆ.

ಅಸಿಟೈಲ್‌ಕೋಲಿನ್ ಬಗ್ಗೆ ಸ್ವಲ್ಪ ಹಿಂದೆ ಹೋಗ್ಲೇಬೇಕು, ಯಾಕಂದ್ರೆ ನರಗಳು ರಾಸಾಯನಿಕದ ಮೂಲಕ ಮಾತಾಡ್ತವೆ ಅಂತ ಗೊತ್ತಾದದ್ದೇ ಅದರಿಂದ. 1921ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಓಟ್ಟೊ ಲೋವಿ ಅನ್ನುವವರು ಎರಡು ಕಪ್ಪೆಗಳ ಹೃದಯ ತೆಗೆದು ದ್ರಾವಣದಲ್ಲಿ ಬಡಿಯುವ ಹಾಗೆ ಇಟ್ಟು, ಒಂದರ ವೇಗಸ್ ನರಕ್ಕೆ ಕರೆಂಟ್ ಕೊಟ್ರು, ಅದರ ಬಡಿತ ನಿಧಾನ ಆಯ್ತು, ಆ ಹೃದಯ ಇದ್ದ ದ್ರಾವಣವನ್ನು ತೆಗೆದು ಇನ್ನೊಂದಕ್ಕೆ ಹಾಕಿದ್ರು, ಯಾವ ನರವೂ ಮುಟ್ಟದೆ ಅದೂ ನಿಧಾನ ಆಯ್ತು. ಅಂದ್ರೆ ನರದ ತುದಿಯಿಂದ ಎಂತದೋ ಒಂದು ಹೊರಗೆ ಬಂದಿದೆ. ಅದು ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲ್‌ಗೂ ಸೇರಿ ನೊಬೆಲ್ ಬಂತು.

ಹೃದಯದಲ್ಲಿ ಅಸಿಟೈಲ್‌ಕೋಲಿನ್ ಬಿದ್ರೆ ಬಡಿತ ನಿಧಾನ ಆಗ್ತದೆ ಸರಿ, ಆದ್ರೆ ಅದೇ ಅಸಿಟೈಲ್‌ಕೋಲಿನ್ ಕೈಕಾಲಿನ ಸ್ನಾಯುವಿನ ಮೇಲೆ ಬಿದ್ರೆ ಸ್ನಾಯು ಬಿಗಿಯಾಗ್ತದೆ. ಒಂದು ಕಡೆ ಬ್ರೇಕ್, ಇನ್ನೊಂದು ಕಡೆ ಆಕ್ಸಿಲರೇಟರ್. ಸ್ಟೇಟ್‌ಬ್ಯಾಂಕ್ ಕಡೆ ಹೋಗುವ ಸಿಟಿ ಬಸ್ಸಲ್ಲಿ ಕಂಡಕ್ಟರ್ ವಿಸಿಲ್ ಊದಿದ್ರೆ ಬಸ್ ನಿಲ್ತದೆ, ಅಲ್ಲೇ ನೆಹರು ಮೈದಾನದಲ್ಲಿ ರೆಫ್ರಿ ಊದಿದ್ರೆ ಆಟ ಶುರು ಆಗ್ತದೆ, ವಿಸಿಲ್ ಮಾತ್ರ ಒಂದೇ, ಕೇಳುವವನು ಯಾರು ಅನ್ನುವುದರ ಮೇಲೆ ಅದರ ಅರ್ಥ. ಇಲ್ಲಿ ಕೇಳುವವನು ರಿಸೆಪ್ಟರ್.

ಸ್ನಾಯುವಿನ ಮೇಲೆ ಇರುವುದು ನಿಕೋಟಿನಿಕ್ ರಿಸೆಪ್ಟರ್. ಐದು ಪ್ರೋಟೀನ್ ತುಂಡುಗಳು ಸುತ್ತ ಕೂತು ಮಧ್ಯ ಒಂದು ತೂತು ಬಿಟ್ಟ ಹಾಗೆ ಅದರ ರಚನೆ, ಎರಡು ಅಸಿಟೈಲ್‌ಕೋಲಿನ್ ಅಣು ಬಂದು ಅಂಟಿಕೊಂಡ್ರೆ ಆ ತೂತು ತೆರೆದು ಹೊರಗಿನ ಸೋಡಿಯಂ ಒಳಗೆ ನುಗ್ತದೆ. ಸುಮ್ಮನಿರುವ ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಮ್ಮಿ ಇರ್ತದೆ, ಧನ ಆವೇಶದ ಸೋಡಿಯಂ ಒಳಗೆ ಬಂದಾಗ ಆ ವ್ಯತ್ಯಾಸ ಇಳೀತದೆ, ಸುಮಾರು ಮೈನಸ್ 55ರ ಹತ್ರ ಬಂದ್ರೆ ಕೋಶದಲ್ಲಿ ವಿದ್ಯುತ್ ಮಿಡಿತ ಎದ್ದು ಸಿಗ್ನಲ್ ಮುಂದೆ ಹೋಗ್ತದೆ. ಇದೆಲ್ಲ ಮಿಲಿಸೆಕೆಂಡಲ್ಲಿ ಮುಗಿಯುವ ಕೆಲಸ. ಹೃದಯದಲ್ಲಿ ಇರುವುದು ಬೇರೆ ಜಾತಿ, ಮಸ್ಕರಿನಿಕ್ ರಿಸೆಪ್ಟರ್, ಅದರಲ್ಲಿ ಎಂ1ರಿಂದ ಎಂ5ರವರೆಗೆ ಐದು ವಿಧ. ಇದರಲ್ಲಿ ತೂತು ಗೀತು ಇಲ್ಲ, ಅಣು ಅಂಟಿಕೊಂಡ ಕೂಡಲೇ ಕೋಶದ ಒಳಬದಿಯಲ್ಲಿ ಜಿ ಪ್ರೋಟೀನ್ ಅನ್ನುವುದನ್ನು ಎಬ್ಬಿಸ್ತದೆ, ಅದು ಹೋಗಿ ಇನ್ನೊಂದನ್ನು ಎಬ್ಬಿಸ್ತದೆ, ಹಾಗಾಗಿ ಸ್ವಲ್ಪ ನಿಧಾನ, ಆದ್ರೆ ಪರಿಣಾಮ ಹೆಚ್ಚು ಹೊತ್ತು ಉಳೀತದೆ. ಹೃದಯದ ಎಂ2 ಕೊನೆಗೆ ಪೊಟ್ಯಾಸಿಯಂ ಚಾನೆಲ್ ತೆರೆಸ್ತದೆ, ಪೊಟ್ಯಾಸಿಯಂ ಹೊರಗೆ ಹೋಗ್ತದೆ, ಕೋಶದ ಒಳಗೆ ಇನ್ನಷ್ಟು ಮೈನಸ್ ಆಗ್ತದೆ, ಬಡಿತ ನಿಧಾನ. ಜೊಲ್ಲು, ಬೆವರು, ಹೊಟ್ಟೆ, ಮೂತ್ರಕೋಶ, ಶ್ವಾಸನಾಳ ಇವೆಲ್ಲ ಹೆಚ್ಚಾಗಿ ಎಂ3ರ ಕಾರುಬಾರು. ಎಂ1 ಮತ್ತು ಎಂ4 ಹೆಚ್ಚಾಗಿ ಮೆದುಳಲ್ಲಿ.

ಎಂ2 ಹೃದಯವನ್ನು ನಿಧಾನ ಮಾಡುವುದಾದ್ರೆ ಅಡಿಕೆ ಸೊಕ್ಕಿದಾಗ ಎದೆ ಯಾಕೆ ಡವಡವ ಹೊಡ್ಕೊಳ್ತದೆ ಅಂತ ಯಾರಾದ್ರೂ ಕೇಳಿದ್ರೆ ಒಳ್ಳೆ ಪ್ರಶ್ನೆ. ಎಲೆ ಅಡಿಕೆ ಜಗಿದಾಗ ಅಡ್ರಿನಲಿನ್ ಕಡೆಯ ವ್ಯವಸ್ಥೆಯೂ ಏಳ್ತದೆ, ಅದು ಬಡಿತ ಹೆಚ್ಚು ಮಾಡ್ತದೆ, ಎರಡರ ಎಳೆದಾಟದಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಅಡ್ರಿನಲಿನ್. ಒಂದು ಅಣು ದೇಹಕ್ಕೆ ಬಂದ್ರೆ ಒಂದೇ ಕೆಲಸ ಮಾಡ್ತದೆ ಅಂತ ನಂಬಿದವರಿಗೆ ಇದೇ ಮೊದಲ ಪಾಠ.

ಈ ನಿಕೋಟಿನಿಕ್, ಮಸ್ಕರಿನಿಕ್ ವ್ಯತ್ಯಾಸ ಬರೀ ಪುಸ್ತಕದ್ದಲ್ಲ. ಆರ್ಗನೋಫಾಸ್ಫೇಟ್ ಕೀಟನಾಶಕ ಹೊಟ್ಟೆಗೆ ಹೋದವರನ್ನು ಮಣಿಪಾಲಕ್ಕೋ ದೇರಳಕಟ್ಟೆಗೋ ಆಂಬುಲೆನ್ಸಲ್ಲಿ ತರುವಾಗ ಒಳಗೆ ನಡೀತಿರುವುದು ಇದೇ ವಿಷಯ. (ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಅಲ್ಲ, ಅದು ಮೈಲುತುತ್ತು ಸುಣ್ಣ, ಅದರ ಲೆಕ್ಕ ಬೇರೆ.) ಅಸಿಟೈಲ್‌ಕೋಲಿನ್ ಕೆಲಸ ಮುಗಿಸಿದ ಕೂಡಲೇ ಅದನ್ನು ಒಡೆಯುವ ಒಂದು ಎಂಜೈಮ್ ಉಂಟು, ಒಂದೊಂದು ಎಂಜೈಮ್ ಸೆಕೆಂಡಿಗೆ ಸಾವಿರಾರು ಅಣು ಒಡೀತದೆ, ಈ ವಿಷ ಆ ಎಂಜೈಮನ್ನೇ ಕಟ್ಟಿ ಹಾಕ್ತದೆ. ಆಮೇಲೆ ಅಸಿಟೈಲ್‌ಕೋಲಿನ್ ತುಂಬಿ ತುಳುಕ್ತದೆ. ಬಾಯಲ್ಲಿ ನೊರೆ, ಕಣ್ಣಲ್ಲಿ ನೀರು, ಶ್ವಾಸಕೋಶದಲ್ಲಿ ಕಫ, ಕಣ್ಣಿನ ಪಾಪೆ ಸಾಸಿವೆ ಗಾತ್ರ, ಇವೆಲ್ಲ ಮಸ್ಕರಿನಿಕ್ ರಿಸೆಪ್ಟರ್‌ನಿಂದ. ಡಾಕ್ಟರು ಅಟ್ರೋಪಿನ್ ಕೊಡ್ತಾ ಹೋಗ್ತಾರೆ, ಅದು ಮಸ್ಕರಿನಿಕ್ ರಿಸೆಪ್ಟರ್ ಮೇಲೆ ಅಡ್ಡ ಕೂರ್ತದೆ, ಎದೆ ಒಣಗ್ತದೆ, ಮನೆಯವರು ಅಬ್ಬಾ ಅಂತ ಉಸಿರು ಬಿಡ್ತಾರೆ. ಆದ್ರೆ ಅಟ್ರೋಪಿನ್ ನಿಕೋಟಿನಿಕ್ ರಿಸೆಪ್ಟರನ್ನು ಮುಟ್ಟುವುದೇ ಇಲ್ಲ. ಉಸಿರಾಡುವ ಸ್ನಾಯುವಿನ ಮೇಲೆ ಇರುವುದು ನಿಕೋಟಿನಿಕ್, ಅದು ಅತಿಯಾಗಿ ಪ್ರಚೋದನೆ ಆಗಿ ಆಗಿ ಕೊನೆಗೆ ಸೋತು ಹೋಗ್ತದೆ, ಹಾಗಾಗಿ "ನಿನ್ನೆ ಸರಿ ಆಗಿದ್ರು, ಇವತ್ತು ಯಾಕೆ ವೆಂಟಿಲೇಟರ್ ಹಾಕಿದ್ರು" ಅನ್ನುವ ಪ್ರಶ್ನೆ ಬರುವುದು. ಆಸ್ಪತ್ರೆಯವರು ಬಿಲ್ ಏರಿಸ್ಲಿಕ್ಕೆ ಹಾಕಿದ್ದು ಅಂತ ಗಲಾಟೆ ಆಗುವುದೂ ಉಂಟು, ಅಟ್ರೋಪಿನ್ ಅರ್ಧ ಕೆಲಸಕ್ಕೆ ಮಾತ್ರ ಅಂತ ಮೊದಲೇ ಯಾರಾದ್ರೂ ಕೂತು ಹೇಳಿದ್ರೆ ಆ ಗಲಾಟೆ ಅರ್ಧ ಕಮ್ಮಿ ಆಗ್ತಿತ್ತು ಅಂತ ನನಗೆ ಅನ್ನಿಸ್ತದೆ.

ಹಾವಿನದ್ದೂ ಹೀಗೇ. ನಾಗರ ಹಾವಿನ ವಿಷದ ಒಂದು ಅಂಶ ಸ್ನಾಯುವಿನ ನಿಕೋಟಿನಿಕ್ ರಿಸೆಪ್ಟರ್ ಮೇಲೆ ಕೂತು ಅಸಿಟೈಲ್‌ಕೋಲಿನ್‌ಗೆ ಜಾಗ ಕೊಡುವುದಿಲ್ಲ. ನರದ ತುದಿ ಸರಿಯೇ ಇರ್ತದೆ, ಹಾಗಾಗಿ ಆಂಟಿವೆನಮ್ ಜೊತೆಗೆ ಅಸಿಟೈಲ್‌ಕೋಲಿನ್ ಪ್ರಮಾಣ ಏರಿಸುವ ನಿಯೋಸ್ಟಿಗ್ಮಿನ್ ಕೊಟ್ರೆ ಕೆಲವರ ರೆಪ್ಪೆ ತೆರೀತದೆ. ಕಟ್ಟು ಹಾವಿನ ವಿಷ ಹೋಗಿ ಹೊಡೆಯುವುದು ಮುಖ್ಯವಾಗಿ ಈಚೆ ಬದಿಗೆ, ಅಸಿಟೈಲ್‌ಕೋಲಿನ್ ಬಿಡುವ ನರದ ತುದಿಗೇ. ಬಿಡುವವನೇ ಇಲ್ಲದ ಮೇಲೆ ನಿಯೋಸ್ಟಿಗ್ಮಿನ್ ಎಷ್ಟು ಕೊಟ್ರೂ ಎಂತ ಪ್ರಯೋಜನ? ಹೊಸ ತುದಿ ಚಿಗುರುವವರೆಗೆ ವೆಂಟಿಲೇಟರೇ ಗತಿ. ಅದಕ್ಕೇ ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚಿದ್ರೆ ಗಾಯ ಕಾಣದಿದ್ರೂ ನೋವು ಇಲ್ಲದಿದ್ರೂ ಬೆಳಗ್ಗಿನವರೆಗೆ ಕಾಯ್ಲಿಕ್ಕಿಲ್ಲ, ತುದಿ ಹಾಳಾದ ಮೇಲೆ ಆಂಟಿವೆನಮ್ ಕೊಟ್ಟದ್ದು ಅದನ್ನು ರಿಪೇರಿ ಮಾಡುವುದಿಲ್ಲ.

ಸರಿ, ಆ ಹೊಸ ಔಷಧಿಗೆ ಬರುವ. 1952ರಲ್ಲಿ ಕ್ಲೋರ್‌ಪ್ರೊಮಜಿನ್ ಬಂದಲ್ಲಿಂದ ಸ್ಕಿಜೋಫ್ರೇನಿಯಾಗೆ ಬಂದ ಮಾತ್ರೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಡೋಪಮಿನ್ ಅನ್ನುವ ಇನ್ನೊಂದು ನರಸಂದೇಶಕದ ಡಿ2 ರಿಸೆಪ್ಟರ್ ಮೇಲೆಯೇ ಕೆಲಸ ಮಾಡ್ತಿದ್ದದ್ದು, ಹೆಚ್ಚಿನವು ಅದನ್ನು ಮುಚ್ಚುವುದು. ಕಿವಿಗೆ ಇಲ್ಲದ ಮಾತು ಕೇಳುವುದು, ಯಾರೋ ತನಗೆ ವಿಷ ಹಾಕ್ತಾರೆ ಅನ್ನುವ ಸಂಶಯ, ಇವು ಕಮ್ಮಿ ಆಗ್ತವೆ. ಆದ್ರೆ ಡಿ2 ಇರುವುದು ಈ ಭ್ರಮೆ, ಸಂಶಯದ ದಾರಿಯಲ್ಲಿ ಮಾತ್ರ ಅಲ್ಲ, ಮೆದುಳಲ್ಲಿ ಚಲನೆ ನಿಯಂತ್ರಿಸುವ ಸ್ಟ್ರಯಾಟಮ್‌ನಲ್ಲೂ ತುಂಬ ಉಂಟು, ಅಲ್ಲಿಯೂ ಮುಚ್ಚಿ ಹೋಗ್ತದೆ, ಆಗ ಪಾರ್ಕಿನ್ಸನ್ ಬಂದವರ ಹಾಗೆ ಕೈ ನಡುಕ, ಮೈ ಗಡುಸು, ಮುಖದಲ್ಲಿ ಭಾವ ಇಲ್ಲ. ಮಾತ್ರೆ ತಿಂದು ಮಗ ಬೊಂಬೆ ಹಾಗೆ ಆಗಿದ್ದಾನೆ ಅಂತ ತಾಯಂದಿರು ಹೇಳುವುದು ಇದನ್ನೇ.

ಅರೆಕೋಲಿನ್ ಮೇಲೆ ವಿಜ್ಞಾನಿಗಳಿಗೆ ಮೊದಲು ಕಣ್ಣು ಬಿದ್ದದ್ದು ಆಲ್‌ಝೈಮರ್ ಮರೆವಿಗೆ. ಆ ರೋಗದಲ್ಲಿ ಅಸಿಟೈಲ್‌ಕೋಲಿನ್ ಕೋಶಗಳು ಸಾಯ್ತವೆ, ಹಾಗಾದ್ರೆ ಅದರ ಬದಲಿ ಕೊಡುವ ಅಂತ. ಆದ್ರೆ ಅರೆಕೋಲಿನ್ ದೇಹದಲ್ಲಿ ಬೇಗ ಒಡೆದು ಹೋಗ್ತದೆ, ಮೇಲಿಂದ ಸಿಕ್ಕಿದ ಮಸ್ಕರಿನಿಕ್ ರಿಸೆಪ್ಟರ್‌ಗೆಲ್ಲ ಅಂಟ್ತದೆ. 1990ರ ದಶಕದ ಶುರುವಿಗೆ ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಮತ್ತು ಅಮೆರಿಕದ ಲಿಲ್ಲಿ ಕಂಪನಿಯವರು ಅರೆಕೋಲಿನ್ ಅಣುವಿನಲ್ಲಿ ಬೇಗ ಒಡೆಯುವ ಭಾಗ ತೆಗೆದು ಅಲ್ಲಿಗೆ ಗಟ್ಟಿ ಉಂಗುರ ಒಂದನ್ನು ಜೋಡಿಸಿದ್ರು, ಅದೇ ಜಾನೋಮೆಲಿನ್, ಎಂ1 ಎಂ4 ಕಡೆಗೆ ಅದರ ಒಲವು ಹೆಚ್ಚು. ಆಲ್‌ಝೈಮರ್ ರೋಗಿಗಳಿಗೆ ಕೊಟ್ಟ ಪ್ರಯೋಗ 1997ರಲ್ಲಿ ಪ್ರಕಟ ಆಯ್ತು, ಅದರಲ್ಲಿ ಭ್ರಮೆ, ಸಂಶಯ, ರೇಗಾಟ ಇವು ಇಳಿದದ್ದು ಎದ್ದು ಕಂಡಿತು. ಆದ್ರೆ ವಾಂತಿ, ಹೊಟ್ಟೆ ತೊಳಸುವುದು, ಬೆವರು, ಹೀಗೆ ತುಂಬ ಜನ ಅರ್ಧದಲ್ಲೇ ಬಿಟ್ಟು ಹೋದ್ರು. ಮೆದುಳಿನ ಹೊರಗಿನ ಮಸ್ಕರಿನಿಕ್ ರಿಸೆಪ್ಟರ್‌ಗಳೂ ಎದ್ದದ್ದೇ ಕಾರಣ, ಒಂದು ಲೆಕ್ಕದಲ್ಲಿ ಮಾತ್ರೆಯೇ ಸೊಕ್ಕಿದ್ದು. ಔಷಧಿ ವರ್ಷಗಟ್ಟಲೆ ಮೂಲೆಗೆ ಬಿತ್ತು.

ಆಮೇಲೆ ಬಂದ ಉಪಾಯ ನನಗಂತೂ ಭಾರಿ ಇಷ್ಟ. ಟ್ರೋಸ್ಪಿಯಂ ಅಂತ ಮೂತ್ರಕೋಶದ ತೊಂದರೆಗೆ ಕೊಡುವ ಹಳೇ ಮಾತ್ರೆ ಉಂಟು, ಅದು ಮಸ್ಕರಿನಿಕ್ ರಿಸೆಪ್ಟರ್ ಮುಚ್ಚುವಂಥದ್ದು, ಆದ್ರೆ ಅದರ ಅಣುವಿನಲ್ಲಿ ವಿದ್ಯುದಾವೇಶ ಇರುವ ಕಾರಣ ರಕ್ತದಿಂದ ಮೆದುಳಿನೊಳಗೆ ಅದು ಸುಲಭಕ್ಕೆ ದಾಟುವುದಿಲ್ಲ. ಎರಡನ್ನೂ ಒಂದೇ ಕ್ಯಾಪ್ಸೂಲಲ್ಲಿ ಹಾಕಿದ್ರು. ಜಾನೋಮೆಲಿನ್ ಮೆದುಳಿಗೆ ಹೋಗಿ ಎಂ1 ಎಂ4 ಎಬ್ಬಿಸ್ತದೆ, ಹೊರಗೆ ಉಳಿದ ಟ್ರೋಸ್ಪಿಯಂ ಹೊಟ್ಟೆಯಲ್ಲಿ, ಜೊಲ್ಲಿನ ಗ್ರಂಥಿಯಲ್ಲಿ ಜಾನೋಮೆಲಿನ್‌ನ ಕೈ ಕಟ್ಟಿಹಾಕ್ತದೆ. ಪ್ರಾಣಿಗಳಲ್ಲಿ ನೋಡಿದ ಪ್ರಕಾರ ಎಂ4 ಎದ್ದಾಗ ಸ್ಟ್ರಯಾಟಮ್‌ನಲ್ಲಿ ಡೋಪಮಿನ್ ಬಿಡುಗಡೆ ತಗ್ಗುತ್ತದೆ, ಅಂದ್ರೆ ಡಿ2 ಮುಚ್ಚದೆಯೇ ಡೋಪಮಿನ್ ಕಡೆಯ ಗದ್ದಲ ಕಮ್ಮಿ, ಹಾಗಾಗಿ ನಡುಕ ಗಡುಸಿನ ಕಾಟವೂ ಕಮ್ಮಿ. ವಾಂತಿ ಪೂರ್ತಿ ಹೋಗಿಲ್ಲ, ತಾಳಿಕೊಳ್ಳುವಷ್ಟಕ್ಕೆ ಬಂದಿದೆ.

ಇದು ಮಾಯಾಮಂತ್ರ ಅಂತ ಅಲ್ಲ. 2024ರ ನವೆಂಬರಲ್ಲಿ ಆಬ್‌ವೀ ಕಂಪನಿಯ ಎಂರಾಕ್ಲಿಡಿನ್, ಎಂ4 ಮೇಲೆ ಮಾತ್ರ ಕೆಲಸ ಮಾಡುವಂಥದ್ದು, ಎರಡನೇ ಹಂತದ ಪ್ರಯೋಗದಲ್ಲಿ ಪ್ಲಾಸಿಬೊ, ಅಂದ್ರೆ ಮದ್ದಿಲ್ಲದ ಖಾಲಿ ಮಾತ್ರೆಗಿಂತ ಮೇಲೆ ಬರ್ಲಿಲ್ಲ. 2025ರ ಏಪ್ರಿಲಲ್ಲಿ ಕೋಬೆನ್ಫಿಯನ್ನೇ ಹಳೇ ಮಾತ್ರೆಗಳ ಜೊತೆಗೆ ಸೇರಿಸಿ ಕೊಟ್ಟ ಪ್ರಯೋಗವೂ ಅಂದುಕೊಂಡ ಗುರಿ ಮುಟ್ಟಲಿಲ್ಲ. ರಿಸೆಪ್ಟರ್ ಸರಿ ಹುಡುಕಿದ್ರೂ ಮೆದುಳಿನ ಜಾಲ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಈಗ "ಹಾಗಾದ್ರೆ ಎಲೆ ಅಡಿಕೆ ತಿಂದ್ರೆ ತಲೆಗೆ ಒಳ್ಳೇದಾ" ಅನ್ನುವ ಮೊದಲ ಪಾರ್ಟಿಗೆ ಉತ್ತರ. 2000ರಲ್ಲಿ ಪೆಸಿಫಿಕ್ ಸಮುದ್ರದ ಪಲಾವು ದ್ವೀಪದಲ್ಲಿ ಮಾಡಿದ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾ ಇದ್ದು ಅಡಿಕೆ ಜಗಿಯುವವರಿಗೆ ಲಕ್ಷಣಗಳು ಸ್ವಲ್ಪ ಕಮ್ಮಿ ಇದ್ದದ್ದು ಹೌದು. ಆದ್ರೆ ಅದು ಒಂದು ಸಮಯದಲ್ಲಿ ನೋಡಿದ ಲೆಕ್ಕ, ಅಡಿಕೆಯಿಂದ ಕಮ್ಮಿ ಆಯ್ತಾ, ಕಮ್ಮಿ ಇದ್ದವರೇ ಅಡಿಕೆ ಜಗೀತಿದ್ರಾ ಅಂತ ಅದರಿಂದ ಹೇಳ್ಲಿಕ್ಕಾಗುವುದಿಲ್ಲ. ಅಡಿಕೆಯಲ್ಲಿ ಟ್ರೋಸ್ಪಿಯಂ ಇಲ್ಲವಲ್ಲ, ಅರೆಕೋಲಿನ್ ಎಂ1ಕ್ಕೂ ಹೋಗ್ತದೆ ಎಂ3ಕ್ಕೂ ಹೋಗ್ತದೆ, ಅಸ್ತಮಾ ಇದ್ದವರಿಗೆ ಶ್ವಾಸನಾಳ ಬಿಗಿ ಮಾಡುವುದೂ ಉಂಟು. ಮತ್ತೆ ಕ್ಯಾನ್ಸರ್ ವಿಷಯ. ಡಬ್ಲ್ಯುಎಚ್‌ಒದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಒಂದನೇ ಗುಂಪಿಗೆ ಹಾಕಿದೆ, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರ್ತದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಉಂಟು ಅಂತ, ಅದು ಹೊಗೆಸೊಪ್ಪು ಸೇರಿಸದಿದ್ರೂ. ಅರೆಕೋಲಿನ್ ಒಂದನ್ನೇ ತೆಗೆದುಕೊಂಡ್ರೆ ಅದು 2ಬಿ, ಅಂದ್ರೆ ಸಾಧ್ಯತೆ ಉಂಟು ಅನ್ನುವ ಗುಂಪು. ಬಾಯಿ ತೆರೀಲಿಕ್ಕೆ ಆಗದ ಹಾಗೆ ಒಳಗೆ ನಾರುಗಟ್ಟುವ ತೊಂದರೆಯೂ ಅಡಿಕೆಯದ್ದೇ. ಇದು ನರದ ರಿಸೆಪ್ಟರ್‌ನ ಲೆಕ್ಕಕ್ಕೆ ಪೂರ್ತಿ ಬರುವ ಕಥೆ ಅಲ್ಲ, ಬಾಯಿಯ ಒಳಚರ್ಮದ ಕಥೆ. ಒಂದು ಅಣುವಿನಿಂದ ಒಳ್ಳೆ ಔಷಧಿ ಹುಟ್ಟಿದ ಮಾತ್ರಕ್ಕೆ ಇಡೀ ಅಡಿಕೆಗೆ ಸರ್ಟಿಫಿಕೇಟ್ ಸಿಗುವುದಿಲ್ಲ, ಹಾಗೆಯೇ ಇಡೀ ಅಡಿಕೆ ಒಂದನೇ ಗುಂಪಲ್ಲಿ ಉಂಟು ಅಂತ ಅದರ ಅಣುಗಳ ಮೇಲೆ ಸಂಶೋಧನೆಯೇ ಬೇಡ ಅನ್ನುವುದೂ ದಡ್ಡತನ.

ಇನ್ನೊಂದು ಉದಾಹರಣೆ ಬೇಕಾದ್ರೆ, ಅಡಿಕೆಯಲ್ಲೇ ಗುವಾಸಿನ್ ಅಂತ ಉಂಟು, ಅದು ಗಾಬಾ ಅನ್ನುವ ನರಸಂದೇಶಕವನ್ನು ಕೋಶಗಳು ವಾಪಸ್ ಎಳೆದುಕೊಳ್ಳುವುದನ್ನು ತಡೀತದೆ. ಗಾಬಾ ಮೆದುಳಿನ ಮುಖ್ಯ ಬ್ರೇಕ್, ಅದರ ರಿಸೆಪ್ಟರ್ ತೆರೆದಾಗ ಕ್ಲೋರೈಡ್ ಒಳಗೆ ಬಂದು ಕೋಶ ತಣ್ಣಗಾಗ್ತದೆ. ಆ ಗುವಾಸಿನ್ ಜಾಡು ಹಿಡಿದು ಡೆನ್ಮಾರ್ಕಿನವರು ಮಾಡಿದ ಕೆಲಸದಿಂದ ಟಿಯಾಗಾಬಿನ್ ಅನ್ನುವ ಅಪಸ್ಮಾರದ ಮಾತ್ರೆ ಬಂತು. ಗುವಾಸಿನ್ ತಾನಾಗಿ ಮೆದುಳಿಗೆ ಸರಿಯಾಗಿ ದಾಟುವುದೇ ಇಲ್ಲ, ಹಾಗಾಗಿ ಫಿಟ್ಸ್ ಇದ್ದವರು ಅಡಿಕೆ ತಿಂದು ಪ್ರಯೋಜನ ಇಲ್ಲ. ಇದೇ ಗಾಬಾ ರಿಸೆಪ್ಟರನ್ನು ಮುಚ್ಚುವ ವಿಷ ಯಾವುದು ಗೊತ್ತುಂಟಾ, ಎಂಡೋಸಲ್ಫಾನ್. ಕೊಕ್ಕಡ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಸಿಂಪಡಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು ಅದನ್ನೇ. ಬ್ರೇಕ್ ಹೋದ ಮೆದುಳಿಗೆ ಫಿಟ್ಸ್ ಬರ್ತದೆ, ಜಾಸ್ತಿ ಪ್ರಮಾಣದಲ್ಲಿ ಮೈಗೆ ಸೇರಿದವರಲ್ಲಿ ಅದು ಮೊದಲ ಅಪಾಯ. ಗಾಬಾ ಯಾವತ್ತೂ ಬ್ರೇಕ್ ಅಂತಲೂ ಅಲ್ಲ, ಬೆಳೀತಿರುವ ಶಿಶುವಿನ ನರಕೋಶದ ಒಳಗೆ ಕ್ಲೋರೈಡ್ ಮೊದಲೇ ಜಾಸ್ತಿ ಇರುವ ಕಾರಣ ಅಲ್ಲಿ ಅದೇ ಗಾಬಾ, ಅದೇ ಚಾನೆಲ್ ಇದ್ರೂ ಕೋಶವನ್ನು ಎಬ್ಬಿಸ್ತದೆ.

ರಿಸೆಪ್ಟರ್‌ಗಳೂ ಸುಮ್ಮನೆ ಕೂರುವುದಿಲ್ಲ. ದಿನಾ ಜಾಸ್ತಿ ಬಡಿದ್ರೆ ಕೋಶ ಅವನ್ನು ಒಳಗೆ ಎಳೆದುಕೊಳ್ತದೆ, ಇಲ್ಲ ಮಂದ ಮಾಡ್ತದೆ, ಕೆಲವನ್ನು ಹೆಚ್ಚಿಸ್ತದೆ. 2015ರ ಒಂದು ಅಧ್ಯಯನದಲ್ಲಿ ಅರೆಕೋಲಿನ್ ಸಿಗರೇಟಿನ ಚಟಕ್ಕೆ ಕಾರಣವಾದ ನಿಕೋಟಿನಿಕ್ ರಿಸೆಪ್ಟರನ್ನೂ ಸ್ವಲ್ಪ ಮಟ್ಟಿಗೆ ಎಬ್ಬಿಸ್ತದೆ ಅಂತ ಕಂಡಿದೆ, ಅಂದ್ರೆ ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ಬಿಡ್ಲಿಕ್ಕೆ ಯಾಕೆ ಕಷ್ಟ ಅನ್ನುವುದಕ್ಕೆ ಒಂದು ದಾರಿ ಸಿಕ್ಕಿತು. ವರ್ಷಗಟ್ಟಲೆ ಕುಡಿದವರ ಮೆದುಳು ಗಾಬಾ ಕಡೆ ತಗ್ಗಿಸಿ, ಕೋಶಗಳನ್ನು ಎಬ್ಬಿಸುವ ಗ್ಲುಟಮೇಟ್ ಅನ್ನುವ ನರಸಂದೇಶಕದ ಕಡೆ ಏರಿಸಿಕೊಂಡಿರ್ತದೆ, ಅಂಥವರನ್ನು ಮನೆಯವರು ಒಮ್ಮೆಲೇ ಕುಡಿತ ನಿಲ್ಲಿಸಿ ಕೋಣೆಯಲ್ಲಿ ಕೂರಿಸಿದ್ರೆ ಎರಡು ಮೂರು ದಿನದೊಳಗೆ ಫಿಟ್ಸ್, ಭ್ರಮೆ, ಜೀವಕ್ಕೇ ಅಪಾಯ, ಆಸ್ಪತ್ರೆಯಲ್ಲೇ ಬಿಡಿಸಬೇಕು. ಖಿನ್ನತೆಯ ಮಾತ್ರೆ ಸಿರೊಟೊನಿನ್ ಅನ್ನುವ ನರಸಂದೇಶಕವನ್ನು ಮೊದಲ ದಿನವೇ ಏರಿಸಿದ್ರೂ ಮನಸ್ಸಿಗೆ ಗುಣ ಕಾಣ್ಲಿಕ್ಕೆ ವಾರಗಳು ಬೇಕಾಗುವುದೂ ಕೋಶಗಳ ಈ ಹೊಂದಾಣಿಕೆಗೆ ಸಮಯ ಬೇಕಾದ ಕಾರಣ ಅಂತ ಹೆಚ್ಚಿನವರ ಲೆಕ್ಕ. ಎಂಡಿಎಂಎ ಬಗ್ಗೆಯೂ ಅಷ್ಟೇ, 2025ರ ಮಾರ್ಚಲ್ಲಿ ಮಂಗಳೂರು ಸಿಸಿಬಿಯವರು 37 ಕೆಜಿಗೂ ಜಾಸ್ತಿ ಹಿಡಿದಾಗ ಎಲ್ಲ ಕಡೆ "ಖುಷಿ ಕೊಡುವ ಡ್ರಗ್ಸ್" ಅಂತ ಹೇಳಿದ್ರು, ಅದು ಹೊಸದಾಗಿ ಎಂತ ಖುಷಿಯೂ ತಂದು ಹಾಕುವುದಿಲ್ಲ, ಕೋಶದಲ್ಲಿ ಕೂಡಿಟ್ಟ ಸಿರೊಟೊನಿನ್ ಅನ್ನು ಒಮ್ಮೆಗೇ ಹೊರಗೆ ಸುರೀತದೆ, ಆಮೇಲಿನ ದಿನಗಳು ಖಾಲಿ. ರೀಲ್ಸಲ್ಲಿ ಡೋಪಮಿನ್ ಡೋಪಮಿನ್ ಅಂತ ಬೊಬ್ಬೆ ಹೊಡೆಯುವವರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಐದು ರಿಸೆಪ್ಟರ್ ಉಂಟು, ಯಾವುದರ ಬಗ್ಗೆ ಮಾತಾಡ್ತಿದ್ದೀರಿ ಅಂತ ಕೇಳಿದ್ರೆ ಸಾಕು.

ಕೊನೆಗೆ ಇದೆಲ್ಲದರಲ್ಲಿ ನಮ್ಮ ಜಿಲ್ಲೆಯ ಮನೆಗಳಿಗೆ ತಕ್ಷಣಕ್ಕೆ ಬೇಕಾದದ್ದು ಒಂದುಂಟು. ಡಿ2 ಮಾತ್ರೆಯಿಂದ ಬರುವ ನಡುಕ ಕಮ್ಮಿ ಮಾಡ್ಲಿಕ್ಕೆ ಡಾಕ್ಟರು ಟ್ರೈಹೆಕ್ಸಿಫೆನಿಡಿಲ್ ಅನ್ನುವ ಸಣ್ಣ ಮಾತ್ರೆ ಜೊತೆಗೆ ಕೊಡ್ತಾರೆ, ಅದು ಮಸ್ಕರಿನಿಕ್ ರಿಸೆಪ್ಟರ್ ಮುಚ್ಚುವಂಥದ್ದು. ಅಡಿಕೆ ಅದೇ ರಿಸೆಪ್ಟರ್ ಎಬ್ಬಿಸುವಂಥದ್ದು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಬೀಡ ಆದ್ರೆ ಎರಡೂ ಒಂದೇ ಜಾಗದಲ್ಲಿ ಜಗಳ. ಇಂಥ ಮಾತ್ರೆಯಲ್ಲಿದ್ದವರು ಜಾಸ್ತಿ ಅಡಿಕೆ ಜಗಿದು ಗಡುಸು, ನಡುಕ ಏರಿದ ಕೇಸುಗಳು 1989ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿವೆ. ನಮ್ಮಲ್ಲಿ ಡಾಕ್ಟರು ಕೇಳುವುದು ಬೀಡಿ ಉಂಟಾ, ಕುಡೀತಾರಾ ಅಂತ, ಎಲೆ ಅಡಿಕೆ ಚಟದ ಲೆಕ್ಕಕ್ಕೇ ಬರುವುದಿಲ್ಲ, ಮನೆಯವರೂ ಅದನ್ನು ಹೇಳುವಂಥದ್ದು ಅಂತ ಅಂದುಕೊಳ್ಳುವುದಿಲ್ಲ. ಅವರು ಕೇಳದಿದ್ರೆ ನೀವೇ ಹೇಳಿ: ದಿನಕ್ಕೆ ಎಷ್ಟು ಸಲ, ಹಸಿಯಾ ಒಣಗಿದ್ದಾ, ಸುಣ್ಣ ಎಷ್ಟು, ಹೊಗೆಸೊಪ್ಪು ಉಂಟಾ ಇಲ್ವಾ, ಮತ್ತೆ ಮಾತ್ರೆ ಶುರುವಾದ ಮೇಲೆ ಜಗಿಯುವುದು ಜಾಸ್ತಿ ಆಗಿದೆಯಾ ಅಂತ.